ಕಮಲಾಪುರದ ನಡುಗೋಡೆ

೨೦೦೩ರ ಹೊತ್ತಿಗೆ ಕಲಬುರಗಿಯ ಮೋಮಿನಪುರದಲ್ಲಿ ನನ್ನ ಸೌಂಡ್ ಸಿಸ್ಟಮ್ ಅಂಗಡಿಗೆ ಹದಿನೆಂಟು ವರ್ಷವಾಗಿತ್ತು. ಶಾದಿಮಹಲು, ಟಾಕೀಸುಗಳ ಕೆಲಸ ಮಾಡಿ ಮಾಡಿ, ಈ ಸೀಮೆಯಲ್ಲಿ ನನ್ನಷ್ಟು ತಿಳಿದವನಿಲ್ಲ ಎಂಬ ಕೊಬ್ಬು ಬಂದಿತ್ತು. ಕಮಲಾಪುರದ ವಾಮನರಾಯರು ಹೋಮ್ ಥಿಯೇಟರ್ ಕೋಣೆ ಮಾಡಿಕೊಡಲು ಕರೆದಾಗ ಅದೇ ಕೊಬ್ಬಿನಲ್ಲಿ ಹೋದೆ.

ಹಳೆಯ ವಾಡೆ, ದೊಡ್ಡ ಕಲ್ಲುಮನೆ. ಪಾಲಾದ ಮೇಲೆ ಒಂದು ಬದಿ ಅಣ್ಣ ವಾಮನರಾಯರು, ಇನ್ನೊಂದು ಬದಿ ತಮ್ಮ ಮುಕುಂದರಾಯರು. ನಡುವೆ ಎರಡು ಅಡಿ ದಪ್ಪದ ಕಲ್ಲುಗೋಡೆ. ಅದರಲ್ಲಿದ್ದ ಮೂರು ಗೂಡುಗಳನ್ನು ಪ್ಲೈವುಡ್ಡಿನಿಂದ ಮುಚ್ಚಿಸಿ ಮೇಲೆ ಅಕೌಸ್ಟಿಕ್ ಫೋಮ್ ಅಂಟಿಸಿದೆ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು, ಸಬ್‌ವೂಫರಿನ ಗುಡುಗಿನಂಥ ತಗ್ಗು ಸದ್ದು ಆಚೆ ಹೋಗುವುದನ್ನು ತಡೆಯುವುದಿಲ್ಲ. ಅದು ನನಗೆ ಗೊತ್ತಿತ್ತು. ಗೋಡೆಯ ದಪ್ಪವೇ ಸಾಕು ಎಂದುಕೊಂಡೆ. ಆಚೆಗೆ ಸದ್ದು ಹೋಗುವುದಿಲ್ಲ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದೂ ಕೊಟ್ಟೆ.

ತಿಂಗಳೊಳಗೆ ಮುಕುಂದರಾಯರು ಮೂರು ಸಲ ಅಣ್ಣನ ಹತ್ತಿರ ಬಂದು ತಕರಾರು ಮಾಡಿದ್ದರಂತೆ. ಅವರ ಹೆಂಡತಿ ಬಾಣಂತಿ. ಸಿನಿಮಾ ಹಚ್ಚಿದಾಗಲೆಲ್ಲ ಕೂಸು ಬೆಚ್ಚಿಬಿದ್ದು ಕಿರುಚುತ್ತಿತ್ತು, ಹಾಲು ಕುಡಿಯುತ್ತಿರಲಿಲ್ಲ. ಅಣ್ಣ ಮಾತ್ರ ನನ್ನ ಕಾಗದ ತೋರಿಸಿ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುತ್ತೀ ಎಂದು ಬೈದು ಅಟ್ಟಿದ್ದರು.

ಒಂದು ಭಾನುವಾರ ಮಧ್ಯಾಹ್ನ ಸ್ಪೀಕರ್ ಹೊಂದಿಸಲು ನಾನು ಅಲ್ಲೇ ಇದ್ದೆ. ಪರದೆಯ ಮೇಲೆ ಬಾಂಬುಗಳು ಸಿಡಿಯುತ್ತಿದ್ದವು. ಬಾಗಿಲು ಒದ್ದುಕೊಂಡು ಮುಕುಂದರಾಯರು ಹಾರೆ ಹಿಡಿದು ಒಳಗೆ ಬಂದರು. ಮೊದಲ ಏಟಿಗೆ ಸಬ್‌ವೂಫರ್ ಒಡೆಯಿತು. ಅಣ್ಣ ತಮ್ಮನ ಕುತ್ತಿಗೆ ಹಿಸುಕಿ ಗೋಡೆಗೆ ಬಡಿದರು. ಎರಡನೆಯ ಏಟು ಅಣ್ಣನ ಎಡಗಿವಿಯನ್ನು ಹರಿದುಕೊಂಡು ಹೋಯಿತು. ಬಿಳಿ ಪರದೆಗೆ ರಕ್ತ ಸಿಡಿಯಿತು. ಮೂರನೆಯದಕ್ಕೆ ನಾನು ಕೈ ಅಡ್ಡ ಹಿಡಿದೆ. ಎರಡು ಬೆರಳು ಮುರಿದವು. ಹಾರೆ ಜಾರಿ ಗೋಡೆಗೆ ನಾಟಿತು.

ಫೋಮು, ಪ್ಲೈವುಡ್ಡು ಕಿತ್ತು ಬಂದವು. ಗೂಡಿನ ಹಿಂದೆ ಇದ್ದದ್ದು ಪರಸಿಕಲ್ಲಿನ ಒಂದೇ ಒಂದು ತೆಳು ಚಪ್ಪಡಿ, ಅದೂ ಬಿರಿದಿತ್ತು. ಬಿರುಕಿನಾಚೆ ಕೂಸು ಅಳುತ್ತಿತ್ತು. ಆ ಬದಿಯಲ್ಲೂ ಅದೇ ಜಾಗದಲ್ಲಿ ಗೂಡಿತ್ತು. ಎರಡು ಅಡಿಯ ಗೋಡೆ ಅಲ್ಲಿ ಎರಡೇ ಇಂಚು. ಗೂಡು ಮುಚ್ಚಿಸುವಾಗ ನಾನು ಅದನ್ನು ತಟ್ಟಿಯೂ ನೋಡಿರಲಿಲ್ಲ.

ಜನ ಸೇರಿ ಹಾರೆ ಕಸಿದರು. ಪೊಲೀಸರು ಬಂದಾಗ ವಾಮನರಾಯರು ಕಿವಿ ಒತ್ತಿಹಿಡಿದುಕೊಂಡೇ ನನ್ನ ಕಾಗದ ಚಾಚಿದರು. "ನೋಡ್ರಿ ಸಾಹೇಬರ, ಸದ್ದು ಹೋಗಂಗಿಲ್ಲಂತ ಬರದಾರ. ಸುಮ್ಮಸುಮ್ಮನ ನನ್ನ ಕೊಲ್ಲಾಕ ಬಂದಾನ ಇಂವ."

ಜಮಾದಾರರು ನನ್ನತ್ತ ತಿರುಗಿದರು. "ಖರೇ ಏನ್ರಿ ಹಮೀದ್‌ಸಾಬ್?"

ಹೌದೆಂದರೆ ಮುಕುಂದರಾಯರಿಗೆ ಜೈಲು. ಅಲ್ಲವೆಂದರೆ ಹದಿನೆಂಟು ವರ್ಷದ ನನ್ನ ಹೆಸರು ಮಣ್ಣುಪಾಲು. ಮುಕುಂದರಾಯರು ನನ್ನನ್ನು ನೋಡುತ್ತಲೂ ಇರಲಿಲ್ಲ, ಬಿರುಕನ್ನೇ ನೋಡುತ್ತಿದ್ದರು.

"ಆ ಕಾಗದ ಸುಳ್ಳ ಅದರಿ," ಎಂದೆ. "ಆಚಿ ಕಡಿ ಹೋಗಿ ನಾ ಒಮ್ಮಿನೂ ಕೇಳಿಲ್ಲ."

ಕೇಸಂತೂ ಆಯಿತು, ಆದರೆ ಕೊಲೆಯತ್ನದ್ದಲ್ಲ. ವಾಮನರಾಯರಿಗೆ ಎಡಗಿವಿ ಮತ್ತೆ ಕೇಳಿಸಲಿಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಅಂಗಡಿ ಹಿಡಿದರು. ಅಂಗಡಿ ಮುಚ್ಚುವವರೆಗೂ ನಾನು ಯಾವ ಕೋಣೆಗೂ ಅಳತೆಯ ಟೇಪು ಹಿಡಿಯುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, ಒಂದು ತಾಸು ಇಲ್ಲಿ ಕೂರಲೇ ಎಂದು ಕೇಳುತ್ತಿದ್ದೆ. ನಕ್ಕವರುಂಟು, ಚಹಾ ಕೊಟ್ಟವರೂ ಉಂಟು. ನನ್ನ ಕೆಲಸದ ಅರ್ಧ ಭಾಗ ಗೋಡೆಯ ಆಚೆಗೇ ಇತ್ತು; ಅದನ್ನು ತಿಳಿಯಲು ಇನ್ನೊಬ್ಬರ ಕಿವಿ ಹೋಗಬೇಕಾಯಿತು.