ಹಿಡಿಯುವ ಕೈ

ಐವತ್ತರ ಹತ್ತಿರ ಬಂದ ಹೆಂಗಸು ಕರಾಟೆ ಕ್ಲಾಸು ಎಲ್ಲಿದೆ ಎಂದು ಕೇಳಿಕೊಂಡು ಹೊರಟರೆ ಮೊಳಕಾಲ್ಮೂರಿನಲ್ಲಿ ಜನ ಮೊದಲು ಕೇಳುವುದು ಮೊಮ್ಮಗ ಎಷ್ಟನೇ ಕ್ಲಾಸು ಎಂದು. ನನಗಿನ್ನೂ ಮೊಮ್ಮಕ್ಕಳಿಲ್ಲ. ನಾನೇ ಕಲಿಯಬೇಕು ಎಂದರೆ ಎದುರಿನವರ ಕಣ್ಣು ಮೊದಲು ನನ್ನ ನರೆಗೂದಲಿಗೆ, ಆಮೇಲೆ ತಾಳಿಯಿಲ್ಲದ ಕೊರಳಿಗೆ ಹೋಗಿ ನಿಲ್ಲುತ್ತಿತ್ತು. ಗಂಡ ಹೋದಮೇಲೆ ಪಾಪ ಇವಳ ತಲೆ ಕೆಟ್ಟಿದೆ ಎನ್ನುವುದೊಂದು ಬಾಕಿ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಾಲೆಯೊಂದರ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದವನೊಬ್ಬ ನಕ್ಕು, ನಿಮಗೆ ಯೋಗ ಒಳ್ಳೆಯದು ಎಂದ. ನಿನಗೆ ಯಾವುದು ಒಳ್ಳೆಯದು ಎಂದು ನಾನೂ ಹೇಳಿ ಬಂದೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಕರಾಟೆಯ ಹುಚ್ಚು ಹತ್ತಿದ್ದಕ್ಕೆ ಕಾರಣವಿತ್ತು. ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ನನಗೆ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡು ಕೊಡುವುದು ತಪ್ಪಿದ ಮೇಲೆ ಇಷ್ಟು ದೂರದ ಕೆಲಸವೂ ಸಾಗುತ್ತಿದೆ. ಒಂದು ಸಂಜೆ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ತಿರುಗುವಲ್ಲಿ ಕುಡಿದವನೊಬ್ಬ ಅಡ್ಡ ಬಂದು ನನ್ನ ಕೈಚೀಲಕ್ಕೆ ಕೈ ಹಾಕಿದ. ಸಿದ್ದಾಪುರ ನನ್ನ ತವರು. ಅಲ್ಲಿನ ಬಂಡೆಗುಡ್ಡಗಳಲ್ಲಿ ಕುರಿಗಳನ್ನು ಕೂಗಿ ಕರೆದು ಬೆಳೆದ ಗಂಟಲು ನನ್ನದು. ಕಿರುಚಬೇಕಿತ್ತು, ಜಾಡಿಸಿ ಒದೆಯಬೇಕಿತ್ತು. ನಾನು ಮಾಡಿದ್ದೇನೆಂದರೆ, ಬೆರಳು ಬಿಡಿಸಿ ಚೀಲವನ್ನು ಅವನಿಗೆ ಕೊಟ್ಟೆ. ಬಾಗಿಲಿಗೆ ಬಂದವರಿಗೆ ಎಲೆ ಅಡಿಕೆ ಕೊಡುವಷ್ಟು ಮರ್ಯಾದೆಯಿಂದ ಕೊಟ್ಟೆ. ಒಳಗಿದ್ದದ್ದು ತೊಳೆದ ಟಿಫಿನ್ ಡಬ್ಬಿ, ಒಂದು ಹಳೇ ಸ್ವೆಟರ್. ಅವನು ಇಣುಕಿ ನೋಡಿ ಬೇಸರಪಟ್ಟು ಚರಂಡಿಯ ಪಕ್ಕ ಎಸೆದು ಹೋದ. ನಾನು ಬಗ್ಗಿ ಎತ್ತಿಕೊಂಡು ಮನೆಗೆ ಬಂದು ಡಬ್ಬಿಯನ್ನು ಮತ್ತೆ ತೊಳೆದೆ.

ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನ್ನ ಕೈಯ ಮೇಲೆ ಬಂತು. ಆದರೆ ಆ ಕೈಗೆ ತಾನೇ ಏನು ಗೊತ್ತಿತ್ತು? ಬಂದದ್ದನ್ನು ಹಿಡಿಯುವುದು, ಹಿಡಿದದ್ದನ್ನು ಕೊಡುವುದು. ಮದುವೆಯಾದಾಗಿನಿಂದ ಅದು ಕಲಿತದ್ದು ಅಷ್ಟೇ.

ಮಗ್ಗದ ಮನೆಗೆ ಸೊಸೆಯಾಗಿ ಬಂದಾಗ ನನಗೆ ನೂಲು ಓಡಿಸುವ ಲಾಳಿಗೂ ನೇಯ್ದ ಬಟ್ಟೆ ಸುತ್ತುವ ಕುಂಟೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ನಮ್ಮ ರೇಷ್ಮೆ ಸೀರೆಗಳಲ್ಲಿ ಮೈಯ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ ಇರುವಂಥದ್ದನ್ನು ಒಬ್ಬರೇ ನೇಯುವುದು ಕಷ್ಟ. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಅವನ ಬಲಕ್ಕೆ, ಅಂಚಿನ ಹತ್ತಿರ, ಇನ್ನೊಬ್ಬರು ಕೂರಬೇಕು. ಅವನು ಎಳೆಗಳ ನಡುವೆ ಲಾಳಿ ತೂರಿಬಿಟ್ಟರೆ ಇವರು ಈ ಕಡೆ ಹಿಡಿದು, ಅಂಚಿನ ನೂಲಿಗೆ ಕೊಂಡಿ ಹಾಕಿಸಿ, ಹಿಂದಕ್ಕೆ ಬಿಡಬೇಕು. ನನ್ನ ಗಂಡ ಮೊದಲ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು, "ಪಟ್ಟುಕೋ." ಅವರ ಮನೆಯಲ್ಲಿ ತೆಲುಗು. ಹಿಡಿದುಕೋ ಎಂದು ಹೇಳುತ್ತಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಲಾಳಿ ನನ್ನ ಬೆರಳು ದಾಟಿ ನೆಲಕ್ಕೆ ಬಿದ್ದಿತ್ತು. ಅತ್ತೆ ಒಳಗಿನಿಂದಲೇ ತೆಲುಗಿನಲ್ಲಿ ಏನೋ ಅಂದರು. ಪುಣ್ಯಕ್ಕೆ ಅದು ಆಗ ನನಗೆ ಅರ್ಥವಾಗಲಿಲ್ಲ.

ಕೆಲವು ತಿಂಗಳಲ್ಲಿ ಆ ಮಾತೂ ಬೇಕಿರಲಿಲ್ಲ. ಲಾಳಿ ಬಿಡುವ ಮೊದಲು ಅವರು ಒಂದು ಕ್ಷಣ ತಡೆಯುತ್ತಿದ್ದರು. ಬೇರೆ ನೇಕಾರರು ಹಾಗೆ ತಡೆಯುವುದಿಲ್ಲ, ಕೆಲಸ ಹಿಂದೆ ಬೀಳುತ್ತದೆ. ಇವರದು ನನಗಾಗಿ ಶುರುವಾದ ತಡೆ, ನಾನು ಕಲಿತ ಮೇಲೂ ಹೋಗಲಿಲ್ಲ. ಕಾಲಡಿಯ ಹಲಗೆ ತುಳಿದು, ಅಷ್ಟು ತಡೆದು, ಬಿಡುವರು. ನನ್ನ ಎಡಗೈ ತಾನಾಗಿ ತೆರೆದುಕೊಳ್ಳುವುದು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಲಾಳಿ ಬರುತ್ತಿತ್ತು, ಹೋಗುತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತದ್ದು ಕಡಿಮೆ, ಪಕ್ಕಪಕ್ಕದಲ್ಲಿ ಕೂತು ಬಾಳಿದ್ದೇ ಹೆಚ್ಚು. ಮಗಳನ್ನು ರಾಯದುರ್ಗಕ್ಕೆ ಮದುವೆ ಮಾಡಿಕೊಟ್ಟೆವು, ಅತ್ತೆಯನ್ನು ಮಣ್ಣಿಗೆ ಕಳುಹಿಸಿದೆವು, ಎಲ್ಲದರ ಮರುದಿನವೂ ಮಗ್ಗಕ್ಕೆ ಕೂತೆವು.

ಎದೆ ಹಿಡಿದಂತಾಗುತ್ತದೆ ಎಂದ ಗಂಡನನ್ನು ಬಳ್ಳಾರಿಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ಹಿಂದಕ್ಕೆ ತಂದದ್ದು ಬೇರೆ ಗಾಡಿಯಲ್ಲಿ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ತಿಥಿ ಮುಗಿದ ಮೇಲೆ ಪಕ್ಕದ ಮನೆಯ ಮೈದುನ ಅದನ್ನು ಮುಗಿಸುತ್ತೇನೆಂದು ಕೂತ. ಅವನು ಒಳ್ಳೆಯ ನೇಕಾರ, ನನ್ನ ಗಂಡನಿಗಿಂತ ಚುರುಕು. ನಾನು ಎಂದಿನ ಜಾಗದಲ್ಲಿ ಕೂತೆ. ಲಾಳಿ ಒಂದೂ ಕೈಗೆ ಸಿಗಲಿಲ್ಲ. ಅವನು ತಡೆಯುತ್ತಿರಲಿಲ್ಲ, ನಾನು ಆ ತಡೆಗಾಗಿ ಕಾಯುತ್ತಿದ್ದೆ. ಅಷ್ಟರಲ್ಲಿ ಲಾಳಿ ಮೊಣಕಾಲಿಗೆ ಬಡಿದು ಬೀಳುತ್ತಿತ್ತು. ಅತ್ತಿಗೆ ಬಿಡಿ, ನನ್ನ ಹೆಂಡತಿ ಕೂರುತ್ತಾಳೆ ಎಂದು ಅವನು ಮೆಲ್ಲಗೆ ಹೇಳಿದ. ನಾನು ಎದ್ದೆ. ಆ ಸೀರೆ ಅಂಗಡಿಗೆ ಹೋದ ಮೇಲೆ ಮಗ್ಗವನ್ನು ಅವನಿಗೇ ಕೊಟ್ಟು, ಗುಂಡಿಯ ಮೇಲೆ ಕಡಪಾ ಕಲ್ಲು ಹಾಸಿಸಿದೆ. ಹಾಸ್ಟೆಲಿನ ಕೆಲಸಕ್ಕೆ ಸೇರಿದ್ದು ಆಮೇಲೆ.

ಕರಾಟೆ ಕ್ಲಾಸು ಕೊನೆಗೆ ಸಿಕ್ಕಿದ್ದು ಚಳ್ಳಕೆರೆಯಲ್ಲಿ. ಹಾಸ್ಟೆಲಿನ ಹುಡುಗಿಯರ ರಕ್ತ ಪರೀಕ್ಷೆಗೆ ಬರುತ್ತಿದ್ದ ನರ್ಸ್ ಒಬ್ಬಳಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ರಾತ್ರಿ ಡ್ಯೂಟಿ ಮುಗಿಸಿ ಒಬ್ಬಳೇ ಮನೆಗೆ ನಡೆಯುವವಳು. ಭಾನುವಾರ ಬೆಳಿಗ್ಗೆ ದೊಡ್ಡವರಿಗೇ ಅಂತ ಒಂದು ಕ್ಲಾಸು ಶುರುವಾಗಿದೆ, ನಾನು ಸೇರುತ್ತಿದ್ದೇನೆ, ಬರುತ್ತೀರಾ ಎಂದು ಅವಳೇ ಕೇಳಿದಳು. ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, ಮರುವಾರ ತನ್ನ ಎರಡು ಚೂಡಿದಾರ್ ಕಳುಹಿಸಿದಳು. ಜೀವನದಲ್ಲಿ ಮೊದಲ ಸಲ ಸೀರೆ ಬಿಟ್ಟು ಬೇರೆ ತೊಟ್ಟು ಬಸ್ಸು ಹತ್ತಿದೆ. ಕೊಂಡ್ಲಹಳ್ಳಿ ದಾಟುವವರೆಗೂ ದುಪ್ಪಟ್ಟಾವನ್ನು ಸೆರಗಿನಂತೆ ಎಳೆದುಕೊಳ್ಳುತ್ತಲೇ ಇದ್ದೆ.

ಕ್ಲಾಸು ನಡೆಯುತ್ತಿದ್ದದ್ದು ಮುಚ್ಚಿಹೋದ ಎಣ್ಣೆ ಗಿರಣಿಯೊಂದರ ಗೋಡೌನಿನಲ್ಲಿ. ಶೇಂಗಾ ಹಿಂಡಿಯ ವಾಸನೆ ಗೋಡೆಗೆ ಹತ್ತಿಕೊಂಡಿತ್ತು. ಮೂಲೆಗಳಲ್ಲಿ ಇನ್ನೂ ಶೇಂಗಾಕಾಯಿ ಸಿಗುತ್ತಿದ್ದವು. ಇದ್ದವರು ಬೆರಳೆಣಿಕೆಯ ಮಂದಿ. ಸಕ್ಕರೆ ಕಾಯಿಲೆಗೆ ಡಾಕ್ಟರು ಬೈದು ಕಳುಹಿಸಿದ ಕಿರಾಣಿ ಅಂಗಡಿಯವರು, ಬಟ್ಟೆ ಹೊಲಿಯುವ ಸಾಹೇಬರು, ಇಬ್ಬರು ಟೀಚರುಗಳು, ನರ್ಸು, ನಾನು. ಮಾಸ್ಟರು ಮೂವತ್ತರ ಹುಡುಗ, ಒಳ್ಳೆಯ ತಾಳ್ಮೆಯವನು. ಮೊದಲ ದಿನ ಎಲ್ಲರೂ ಜೋರಾಗಿ ಕೂಗಬೇಕು ಎಂದ. ಉಳಿದವರು ನಾಚಿಕೊಂಡು ಕೆಮ್ಮಿದಂತೆ ಮಾಡಿದರು. ನಾನು ಸಿದ್ದಾಪುರದ ಗುಡ್ಡಕ್ಕೆ ಕೇಳುವಂತೆ ಕೂಗಿದೆ. ತಗಡಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಕಿರಾಣಿಯವರು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು.

ಕಷ್ಟವಾದದ್ದು ತಡೆಯುವುದನ್ನು ಕಲಿಯುವಾಗ. ಜೋಡಿಯಾಗಿ ನಿಲ್ಲಬೇಕು, ಒಬ್ಬರು ಮುಷ್ಟಿ ಬೀಸಿದರೆ ಇನ್ನೊಬ್ಬರು ಮುಷ್ಟಿ ಬಿಗಿದು ಮುಂಗೈಯಿಂದ ಆಚೆ ತಳ್ಳಬೇಕು. ನರ್ಸು ನನ್ನ ಜೋಡಿ. ಅವಳಿಗೆ ಒಬ್ಬರನ್ನು ಹೊಡೆಯುವುದೆಂದರೆ ಸಂಕೋಚ. ಬಲಗೈ ಎತ್ತಿ, ಒಂದು ಕ್ಷಣ ತಡೆದು, ಆಮೇಲೆ ಬಿಟ್ಟಳು.

ನನ್ನ ಎಡಗೈ ತೆರೆದುಕೊಂಡಿತು. ಅವಳ ಮುಷ್ಟಿ ನನ್ನ ಅಂಗೈಯೊಳಗೆ ಬಂದು ಕೂತಿತು.

ಮಾಸ್ಟರು ನಗುತ್ತಾ, "ಹಿಡೀಬೇಡ್ರಮ್ಮ, ತಡೀರಿ" ಎಂದ. ಮತ್ತೆ ಮಾಡಿದೆವು. ಮತ್ತೆ ಹಿಡಿದೆ. ಬೆಳಗಿನ ತುಂಬ ಹಾಗೇ ಆಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಗಂಡ ಹೋದ ಮೇಲೆ ಮೊದಲ ಸಲ ಏನೋ ಒಂದು ಸರಿಯಾದ ಹೊತ್ತಿಗೆ ಬಂದು ನನ್ನ ಕೈ ಸೇರಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಪೆಟ್ಟಾಗಿದೆಯಾ ಎಂದು ಕೇಳಿದಳು. ಇಲ್ಲ ಎಂದೆ.

ಆಮೇಲೆ ನಾನು ಭಾನುವಾರಗಳಿಗಾಗಿ ಕಾದೆ. ಕಲಿಯುವುದಕ್ಕಲ್ಲ, ಹಿಡಿಯುವುದಕ್ಕೆ. ಇದನ್ನು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಹೇಳಿದರೆ ಅಳುತ್ತಾಳೆ, ಇಲ್ಲವೇ ರಾಯದುರ್ಗಕ್ಕೆ ಬಂದುಬಿಡು ಎನ್ನುತ್ತಾಳೆ. ಮಾಸ್ಟರು ಪಾಪ, ಏನೇನೋ ಉಪಾಯ ಮಾಡಿದ. ಕೊನೆಗೆ ನೆಲದಿಂದ ಒಂದು ಶೇಂಗಾಕಾಯಿ ಆರಿಸಿ ನನ್ನ ಎಡ ಮುಷ್ಟಿಯೊಳಗಿಟ್ಟು, ಇದು ಬೀಳಬಾರದು, ಮನೆಯಲ್ಲೂ ಹೀಗೇ ಅಭ್ಯಾಸ ಮಾಡಿ ಎಂದ. ಹೇಳಿಕೊಟ್ಟದ್ದನ್ನು ಮಾಡದೆ ಬಿಡುವ ಸ್ವಭಾವ ನನ್ನದಲ್ಲ. ಮನೆಯಲ್ಲಿ ಕಡಪಾ ಕಲ್ಲಿನ ಮೇಲೆ ನಿಂತು, ಗೋಡೆಯಾಚೆ ಮೈದುನನ ಮಗ್ಗದ ಸದ್ದಿಗೆ, ಶೇಂಗಾಕಾಯಿ ಹಿಡಿದು ಗಾಳಿಗೆ ಕೈ ಬೀಸಿದೆ. ಒಂದು ಭಾನುವಾರ ನರ್ಸಿನ ಏಟನ್ನು ಕೊನೆಗೂ ತಡೆದೆ. ಟೀಚರುಗಳು ಚಪ್ಪಾಳೆ ತಟ್ಟಿದರು. ಶೇಂಗಾಕಾಯಿ ಕೈಯಲ್ಲಿತ್ತಲ್ಲ, ಅದಕ್ಕೇ ಮುಷ್ಟಿ ಮುಚ್ಚಿತ್ತು, ಅದು ಇಲ್ಲದಿದ್ದರೆ ಹಿಡಿಯುತ್ತಿದ್ದೆ ಎಂದು ನಾನು ಒಳಗೊಳಗೇ ಸಮಾಧಾನ ಹೇಳಿಕೊಂಡೆ.

ಅದೇ ವಾರ ಆ ಕುಡುಕ ಮತ್ತೆ ಸಿಕ್ಕ. ಅದೇ ತಿರುವು, ಅದೇ ತೂರಾಟ. ಅವನು ಚೀಲದ ಕಡೆ ಕೈ ಚಾಚಿದ್ದಷ್ಟೇ ಗೊತ್ತು. ನನ್ನ ಎಡಗೈ ಅವನ ಕೈಯನ್ನು ಫಟ್ಟನೆ ಆಚೆ ತಳ್ಳಿ, ಮುಷ್ಟಿ ಬಿಗಿದು ಎದೆಯ ಮುಂದೆ ನಿಂತಿತ್ತು. ಕೂಗಿದೆನಂತೆ, ಓಣಿಯ ಕೊನೆಯವರೆಗೂ ಕೇಳಿಸಿತಂತೆ. ಅವನು ಗೋಡೆಗೆ ಒರಗಿ, "ಬಿಡಕ್ಕ, ತಪ್ಪಾತು" ಎಂದು ಅಳುವ ದನಿ ತೆಗೆದ. ಮೈದುನ ಓಡಿ ಬಂದ. ನಮ್ಮ ಅತ್ತಿಗೆ ಹೊಡೆದು ಕಳಿಸಿದ್ದಾರೆ ಎಂದು ಓಣಿಗೆಲ್ಲ ಹೇಳಿದ. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ದೀಪ ಹಚ್ಚಿ ಅವರ ಫೋಟೋದ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಹೀಗೆ ಬಂದ, ಹೀಗೆ ತಳ್ಳಿದೆ ಎಂದು ಕೈ ಮಾಡಿ ತೋರಿಸುವಾಗ ಹೊಳೆಯಿತು. ಚೀಲ ಹಿಡಿದಿದ್ದು ಬಲಗೈ. ಎಡಗೈಯಲ್ಲಿ ಶೇಂಗಾಕಾಯಿ ಇರಲಿಲ್ಲ.

ಮುಂದಿನ ಭಾನುವಾರದವರೆಗಿನ ದಿನಗಳು ಹೇಗೆ ಹೋದವೋ ಕಾಣೆ. ಹಾಸ್ಟೆಲಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು, ಹುಡುಗಿಯರು ಸಹಿಸಿಕೊಂಡರು. ಕುಡುಕನ ಮಾತು ಬೇರೆ, ನರ್ಸಿನ ಮಾತು ಬೇರೆ ಎಂದುಕೊಂಡೆ. ಅವಳು ಒಂದು ಕ್ಷಣ ತಡೆದು ಕೈ ಬಿಡುತ್ತಾಳೆ. ಆ ತಡೆ ಬಂದರೆ ಕೈಗೆ ನೆನಪಾಗುತ್ತದೆ.

ಕ್ಲಾಸು ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ನಾನು ನರ್ಸನ್ನು ಒಳಕ್ಕೆ ಕರೆದೆ. "ಒಂದೇ ಒಂದ್ಸಲ ಹೊಡಿಯವ್ವ. ನೀನು ಮೊದ್ಲು ಹೊಡೀತಿದ್ದೆಯಲ್ಲ, ಹಂಗೆ ಮೆಲ್ಲಕೆ. ನಾನು ಹಿಡೀತೀನಿ."

ಹಿಡಿಯಬಾರದು ಎಂದಲ್ಲವಾ ಮಾಸ್ಟರು ಇಷ್ಟು ದಿನ ಬಡಕೊಂಡದ್ದು ಎಂದು ಅವಳು ನಕ್ಕಳು. ಆದರೂ ಎದುರಿಗೆ ನಿಂತಳು. ನಾನು ಎಡಗೈ ಬಿಚ್ಚಿ, ಬೆರಳು ಸಡಿಲ ಬಿಟ್ಟು, ಮಗ್ಗದ ಪಕ್ಕ ಕೂರುತ್ತಿದ್ದಾಗ ಇಟ್ಟುಕೊಳ್ಳುತ್ತಿದ್ದಂತೆಯೇ ಇಟ್ಟುಕೊಂಡೆ. ಅವಳು ಕೈ ಎತ್ತಿದಳು. ಒಂದು ಕ್ಷಣ ತಡೆದಳು. ನನಗೆ ಅವರ ಕಾಲು ಹಲಗೆ ತುಳಿದದ್ದು ಕೇಳಿಸಿದಂತಾಯಿತು. ಪಟ್ಟುಕೋ, ಪಟ್ಟುಕೋ ಎಂದು ನಾನೇ ಒಳಗೆ ಹೇಳಿಕೊಂಡೆ.

ಮುಷ್ಟಿ ಮುಚ್ಚಿತು. ಮುಂಗೈ ಅವಳ ಮಣಿಕಟ್ಟಿಗೆ ಬಡಿದು ಅವಳ ಕೈಯನ್ನು ಆಚೆ ತಳ್ಳಿತು. ಮಾಸ್ಟರು ಹೇಳಿಕೊಟ್ಟ ಹಾಗೆಯೇ, ಒಂದು ಚೂರೂ ತಪ್ಪಿಲ್ಲದೆ.

ಮತ್ತೊಂದು ಸಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಗೋಡೌನಿನ ನೆಲದ ಮೇಲೆ ಕುಕ್ಕರಿಸಿದೆ. ಬಳ್ಳಾರಿಯಿಂದ ಬಂದ ದಿನ ಇಷ್ಟು ಅತ್ತಿರಲಿಲ್ಲ. ಆ ದಿನ ಜನರಿದ್ದರು, ಮಾಡುವ ಕೆಲಸಗಳಿದ್ದವು, ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ಏಟು ಬಿದ್ದದ್ದು ಅವಳಿಗೆ, ಮಣಿಕಟ್ಟು ಕೆಂಪಾಗಿತ್ತು. ಆದರೂ ಅವಳೇ ಗಾಬರಿಯಾಗಿ ಪಕ್ಕದಲ್ಲಿ ಕೂತು, "ಎಲ್ಲಿ ನೋವಾತಕ್ಕ?" ಎಂದು ಕೇಳಿದಳು. ನಾನು ಎಡಗೈ ಮುಂದೆ ಚಾಚಿದೆ.

ಅವಳು ನರ್ಸಲ್ಲವೇ. ನನ್ನ ಅಂಗೈಯನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ ನೋಡಿದಳು. ಒಂದೊಂದೇ ಬೆರಳನ್ನು ಮಡಚಿದಳು, ಬಿಡಿಸಿದಳು, ಗೆಣ್ಣುಗಳನ್ನು ಒತ್ತಿ ನೋಡಿದಳು.

"ಏನೂ ಆಗಿಲ್ಲಕ್ಕ," ಎಂದಳು, "ಕೈ ಚೆನ್ನಾಗೈತೆ."