ಊಟ ಹಾಕಿಯೂ ಉಳಿದ ಬಾಕಿ

ಎಪ್ಪತ್ತು ದಾಟಿದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ನಾನು ಲೋಕ ಅದಾಲತ್ತಿಗೆ ಹೋಗಿ ಬಂದೆ. ಅದೂ ದೂರು ಕೊಟ್ಟವನಾಗಿ ಅಲ್ಲ, ದೂರು ಬಂದವನಾಗಿ. ಬಂದು ಕೆಲವು ತಿಂಗಳಾಯಿತು. ಅಲ್ಲಿ ಸೋತೆನೋ ಗೆದ್ದೆನೋ ಇನ್ನೂ ಸರಿಯಾಗಿ ತಿಳಿದಿಲ್ಲ. ತಪ್ಪು ನನ್ನದೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಯಾವ ಗಳಿಗೆಯಲ್ಲಿ ತಪ್ಪಾಯಿತು ಎಂದು ಹುಡುಕಲು ಹೊರಟರೆ ತಲೆ ಸುತ್ತುತ್ತದೆ. ನಿಮ್ಮ ಹತ್ತಿರ ಹೇಳಿಕೊಂಡರೆ ತುದಿ ಸಿಗಬಹುದು ಎಂಬ ಆಸೆ.

ಅತ್ತಾವರದಲ್ಲಿ ನನ್ನದೊಂದು ಸಣ್ಣ ಊಟದ ಹೋಟೆಲು ಇದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಕೇಳಿದವರಿಗೆ ಬಂಗುಡೆ ಫ್ರೈ. ಸುತ್ತಮುತ್ತ ಆಸ್ಪತ್ರೆಗಳಿರುವುದರಿಂದ ನರ್ಸುಗಳು, ಡಾಕ್ಟರಿಕೆ ಕಲಿಯುವ ಮಕ್ಕಳು ಬಂದು ಉಂಡು ಹೋಗುತ್ತಿದ್ದರು. ಬರಬರುತ್ತಾ ಬೆಂಚು ಖಾಲಿಯಾಯಿತು. ಊಟ ಬಿಟ್ಟರೋ ಎಂದರೆ ಹಾಗಲ್ಲ, ಎಲ್ಲರೂ ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಆ ಫೋನಿನೊಳಗೆ ನಾನು ಇರಲಿಲ್ಲ.

ನನ್ನನ್ನು ಅದರೊಳಗೆ ಸೇರಿಸಿದವಳು ಶ್ರಾವ್ಯ. ನಂತೂರಿನಲ್ಲಿರುವ ನನ್ನ ಹಳೆಯ ಸ್ನೇಹಿತನ ಮಗಳು. ಅವಳು ಯಾವ ಕಂಪೆನಿಯಲ್ಲೂ ಇಲ್ಲ. ಕರೆದವರಿಗೆ ಫೋಟೋ ತೆಗೆದು, ಮೆನು ಬರೆದು, ಫೋನಿನಲ್ಲಿ ಚಂದ ಕಾಣುವ ಹಾಗೆ ಮಾಡಿಕೊಡುತ್ತಾಳೆ. ಚಿಕ್ಕಂದಿನಿಂದ ನನ್ನನ್ನು ಮಾಮ ಎಂದು ಕರೆದವಳು. ಕೆಲಸಕ್ಕೆ ಮೊದಲೇ ಸ್ಪಷ್ಟವಾಗಿ ಹೇಳಿದಳು, ಹದಿನೆಂಟು ಸಾವಿರ ಆಗ್ತದೆ ಮಾಮ ಎಂದು. ನಾನು, ಅದೆಲ್ಲ ನೋಡುವ, ನೀನು ಮೊದಲು ಊಟ ಮಾಡು ಎಂದೆ. ಈಗ ಯೋಚಿಸಿದರೆ ಇಡೀ ವ್ಯಾಜ್ಯ ಆ ಒಂದು ವಾಕ್ಯದಲ್ಲೇ ಇತ್ತು.

ಎರಡು ವಾರ ಬಂದು ಹೋಗುತ್ತಾ ಕೆಲಸ ಮಾಡಿದಳು. ಒಂದು ಬಂಗುಡೆಯನ್ನು ಬಾಳೆಲೆಯ ಮೇಲೆ ಮಲಗಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ, ನಿಂಬೆಹೋಳು ಇಟ್ಟು, ತೆಗೆದು, ಮತ್ತೆ ಇಟ್ಟು, ಅಷ್ಟು ಹೊತ್ತಿನಲ್ಲಿ ಹಿಂದೆ ನಾನು ಹತ್ತು ಜನರಿಗೆ ಬಡಿಸಿ ಮುಗಿಸುತ್ತಿದ್ದೆ. ಫೋಟೋ ತೋರಿಸಿದಾಗ ನನ್ನ ಬಂಗುಡೆಯ ಗುರುತು ನನಗೇ ಸಿಗಲಿಲ್ಲ. ಬಂದ ಯಾವ ದಿನವೂ ಅವಳನ್ನು ಉಣ್ಣಿಸದೆ ಕಳಿಸಲಿಲ್ಲ. ಬೇಡ ಮಾಮ ಎಂದರೂ ಬಡಿಸಿದೆ. ಅವಳು ತಲೆ ತಗ್ಗಿಸಿ ಉಂಡು, ಒಂದು ಮಾತು ಕುಂದು ಹೇಳದೆ ಕೈ ತೊಳೆಯುತ್ತಿದ್ದಳು. ನನ್ನ ಅಡುಗೆಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆ.

ಕೆಲಸ ಮುಗಿದು ತಿಂಗಳಾಗುವುದರೊಳಗೆ ಹೋಟೆಲಿನ ಎದುರು ಚೀಲ ಹೊತ್ತ ಬೈಕಿನವರ ಸಾಲು ನಿಂತಿತು. ನಾನು ಹೊಸ ಫ್ರಿಜ್ಜು ಕೊಂಡೆ. ಶ್ರಾವ್ಯಳಿಗೆ ಕೊಡಲಿಲ್ಲ.

ಯಾಕೆ ಕೊಡಲಿಲ್ಲ? ಇಲ್ಲಿಯೇ ನನಗೆ ದಾರಿ ತಪ್ಪುವುದು. ಹಣ ಇರಲಿಲ್ಲವೇ, ಇತ್ತು. ಮೋಸ ಮಾಡುವ ಮನಸ್ಸಿತ್ತೇ, ದೇವರಾಣೆ ಇರಲಿಲ್ಲ. ಹಣ ಕೇಳಲು ಅವಳು ಬೇರೆ ಕೆಲಸ ಮುಗಿಸಿ ಸಂಜೆ ಬರುತ್ತಿದ್ದಳು. ದೀಪ ಹಚ್ಚಿದ ಮೇಲೆ ಗಲ್ಲಾದಿಂದ ಹಣ ಹೊರಗೆ ಹೋಗಬಾರದು ಎಂಬುದು ನಮ್ಮ ಮನೆಯ ಕ್ರಮ. ಮಂಗಳವಾರ, ಶುಕ್ರವಾರ ಹೇಗೂ ಕೂಡದು. ಸಂಕ್ರಮಣ, ಅಮಾವಾಸ್ಯೆ ಬೇರೆ. ಹೀಗೆ ತೆಗೆಯುತ್ತಾ ಹೋದರೆ ಹಣ ಕೊಡಲು ಯೋಗ್ಯವಾದ ಹೊತ್ತು ವರ್ಷದಲ್ಲಿ ಬಹಳ ಕಡಿಮೆ, ತೆಗೆದುಕೊಳ್ಳಲು ಮಾತ್ರ ಎಲ್ಲ ಹೊತ್ತೂ ಒಳ್ಳೆಯದೇ. ನನ್ನ ಹೆಂಡತಿ ಇದನ್ನು ಕೇಳಿ ಕೇಳಿ ಒಂದು ದಿನ ಅಂದಳು, "ಉಳ್ಳಾಲದ ಮೀನಿನವಳಿಗೆ ಶುಕ್ರವಾರ ನೀವು ಎಂತ ಕೊಡುವುದು ಹಾಗಾದರೆ? ಹೂವಾ?"

ಮೀನಿನವಳ ವಿಷಯ ಬೇರೆ. ಅವಳು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತರೆ ಹಣ ಕೈಗೆ ಬರುವವರೆಗೆ ಏಳುವವಳಲ್ಲ, ಬೀದಿಗೆಲ್ಲ ಕೇಳುವ ಹಾಗೆ ನನ್ನ ಅಜ್ಜನ ಹೆಸರನ್ನೂ ಎಳೆದು ತರುತ್ತಾಳೆ. ಮೇಲಾಗಿ ಮೀನು ಕೊಳೆಯುವ ವಸ್ತು. ಹಣ ಕೊಡದಿದ್ದರೆ ನಾಳೆ ಮೀನಿಲ್ಲ. ಫೋಟೋ ಕೊಳೆಯುವುದಿಲ್ಲ. ಒಮ್ಮೆ ತೆಗೆದು ಕೊಟ್ಟರೆ ಕೊಟ್ಟವಳು ಬರಲಿ ಬಿಡಲಿ, ಬಂಗುಡೆ ಅಲ್ಲಿ ಹೊಳೆಯುತ್ತಲೇ ಇರುತ್ತದೆ. ಕೊಳೆಯದ ವಸ್ತುವಿನ ಸಾಲ ಮರೆಯಲು ಎಷ್ಟು ಸುಲಭ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಇನ್ನೊಂದು ಕಾರಣ ನನ್ನ ರಕ್ತದಲ್ಲೇ ಇದ್ದೀತು. ನಮ್ಮದು ಹಿಂದೆ ಗದ್ದೆಗಳಿದ್ದ ಮನೆ. ಕ್ಷೌರಿಕ, ಅಗಸ, ಕುಂಬಾರ ಎಲ್ಲರಿಗೂ ವರ್ಷವಿಡೀ ಕೆಲಸ, ಕೊಯ್ಲು ಮುಗಿದ ಮೇಲೆ ಅಕ್ಕಿ. ಅವರು ಅಂಗಳದಲ್ಲಿ ಬಗ್ಗಿ ನಿಂತು ಪಡೆಯುತ್ತಿದ್ದರು. ಅಜ್ಜ ಜಗಲಿಯಲ್ಲಿ ನಿಂತು ಅಳೆಯಿಸುತ್ತಿದ್ದರು. ಹುಡುಗನಾಗಿದ್ದ ನನಗೆ ಅದು ದಾನದಂತೆ ಕಾಣುತ್ತಿತ್ತು. ದುಡಿದದ್ದನ್ನು ಕೊಡುವುದು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದೆ, ಅಲ್ಲಿಯೂ ಈ ಪಾಠ ಬರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಶ್ರಾವ್ಯ ಬಂದಳು. ದೀಪದ ಹೊತ್ತಲ್ಲ, ಅಮಾವಾಸ್ಯೆಯೂ ಅಲ್ಲ. ನನ್ನ ಬಳಿ ಇದ್ದ ಕ್ರಮಗಳೆಲ್ಲ ಮುಗಿದಿದ್ದವು. ದೂರದಿಂದ ಅವಳನ್ನು ಕಂಡವನೇ ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತಾ ಕುಳಿತೆ. ಹೋಟೆಲು ಇಟ್ಟಂದಿನಿಂದ ಬೆಳ್ಳುಳ್ಳಿ ಮುಟ್ಟಿದವನಲ್ಲ ನಾನು. ಅವಳು ಗಲ್ಲಾದ ಎದುರು ಬಹಳ ಹೊತ್ತು ಕುಳಿತಿದ್ದು ಎದ್ದು ಹೋದಳು. ಹೋಗುವಾಗ ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದಳು. ನಾನು ಬಾಗಿಲ ಸಂದಿಯಿಂದ ಅದನ್ನು ಕಂಡೆ. ಇಷ್ಟೆಲ್ಲದರಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಯಾವುದು ಎಂದರೆ ಆ ಬೆಳ್ಳುಳ್ಳಿಯೇ.

ಆಮೇಲೆ ಬಂದದ್ದು ಅದಾಲತ್ತಿನ ನೋಟೀಸು. ಅದರಲ್ಲಿ ನಾನು ಮಾಮ ಅಲ್ಲ, ಎದುರುದಾರ. ಮೊದಲು ಕೋಪ ಬಂತು, ನಂತರ ಸಣ್ಣ ಉತ್ಸಾಹವೂ ಬಂತೆಂದು ಒಪ್ಪಿಕೊಳ್ಳಬೇಕು. ಕೋರ್ಟು ನಮ್ಮ ಮನೆಗೆ ಹೊಸತಲ್ಲ. ಅಜ್ಜ ಗದ್ದೆಯ ಬದುವಿಗಾಗಿ ಹಾಕಿದ ದಾವೆಯನ್ನು ಅಪ್ಪ ಮುಂದುವರಿಸಿ, ಕೆಳಗಿನ ಕೋರ್ಟಿನಿಂದ ಮೇಲಿನದಕ್ಕೆ ಹೋಗಿ, ಅದು ಮುಗಿಯುವಾಗ ಬದುವೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ನಾನೂ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಸಾಯುವವರೆಗೆ ಒಂದು ಕೆಲಸವಾಯಿತು ಎಂಬಂತೆ ಹೊರಟೆ.

ಅಲ್ಲಿ ನೋಡಿದರೆ ಕಟಕಟೆ ಇಲ್ಲ, ಕೂಗಿ ಕರೆಯುವವರಿಲ್ಲ. ಒಂದು ಮೇಜು, ಆಚೆ ಸಂಧಾನ ಮಾಡಿಸಲು ಕುಳಿತ ನ್ಯಾಯಾಧೀಶೆ, ಪಕ್ಕದಲ್ಲೊಬ್ಬ ವಕೀಲರು, ಈಚೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ನಾನು, ಪಕ್ಕದಲ್ಲೇ ಶ್ರಾವ್ಯ. ಕೋರ್ಟಿಗೆ ಫೀಸು ಕಟ್ಟಲಿಕ್ಕಿಲ್ಲವಂತೆ. ಇಲ್ಲಿ ಇಬ್ಬರೂ ಒಪ್ಪಿ ಮುಗಿಸಿದರೆ ಆಮೇಲೆ ಅಪೀಲೂ ಇಲ್ಲವಂತೆ. ಅಪೀಲಿಲ್ಲದ ಕೇಸು ಎಂದರೆ ಎರಡನೇ ಸಲ ಅನ್ನ ಬಡಿಸದ ಊಟದ ಹಾಗೆ, ಎಲ್ಲಿ ಏಳಬೇಕೆಂದೇ ತಿಳಿಯಲಿಲ್ಲ.

ನಿಮಗೇನು ಹೇಳಲಿಕ್ಕುಂಟು ಎಂದು ಕೇಳಿದರು. ಇವಳು ಮನೆಯ ಹುಡುಗಿ, ಬಂದಾಗಲೆಲ್ಲ ಹೊಟ್ಟೆ ತುಂಬ ಊಟ ಹಾಕಿದ್ದೇನೆ, ಅದನ್ನೆಲ್ಲ ಲೆಕ್ಕ ಹಾಕಿದರೆ ಎಷ್ಟಾಗಬಹುದು ನೀವೇ ನೋಡಿ ಎಂದೆ. ಹೇಳುವಾಗ ನ್ಯಾಯವೆಂದೇ ಅನಿಸಿತ್ತು.

"ಅಜ್ಜ, ಒಂದು ತೀರ್ಮಾನ ಮಾಡಿ," ಎಂದರು ನ್ಯಾಯಾಧೀಶೆ, ನಗದೆ. "ಮನೆಯ ಹುಡುಗಿಯಾದರೆ ಊಟದ ಲೆಕ್ಕ ಯಾಕೆ? ಹೊರಗಿನವಳಾದರೆ ಕೆಲಸದ ಹಣ ಯಾಕೆ ಕೊಡಲಿಲ್ಲ?"

ನಾನು ಬಾಯಿ ತೆರೆದೆ. ಮನೆಯವಳು ಎನ್ನಲು ಹೋದರೆ ಊಟ ಅಡ್ಡ ಬಂತು, ಹೊರಗಿನವಳು ಎನ್ನಲು ಹೋದರೆ ಹದಿನೆಂಟು ಸಾವಿರ ಅಡ್ಡ ಬಂತು. ಹಣ ಕೊಡಬೇಕಾದಾಗ ಅವಳು ಮನೆಯವಳು, ಊಟದ ಲೆಕ್ಕ ಹೇಳುವಾಗ ಹೊರಗಿನವಳು. ಎರಡೂ ಬಾಗಿಲಿನಲ್ಲಿ ನಾನೇ ಕಾವಲು ನಿಂತಿದ್ದೆ. ಶ್ರಾವ್ಯ ನನ್ನ ಮುಖ ನೋಡದೆ ಮೇಜಿಗೆ ಹೇಳಿದಳು, "ಊಟ ಕೊಟ್ಟದ್ದು ಹೌದು ಮೇಡಂ. ಆದರೆ ಕ್ಯಾಮೆರಾದ ಲೆನ್ಸ್ ನಾನು ಬಾಡಿಗೆಗೆ ತಂದದ್ದು. ಬಾಡಿಗೆಯವನಿಗೆ ಊಟ ಕೊಟ್ಟರೆ ಆಗುದಿಲ್ಲ. ಅವನು ಈಗ ನನಗೆ ಲೆನ್ಸ್ ಕೊಡುದೇ ಇಲ್ಲ. ಬಂದ ಎರಡು ಮದುವೆ ಕೆಲಸ ಬಿಟ್ಟೆ."

ಅದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಹೊತ್ತಿನಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಪೂರ್ತಿ ಕೊಡ್ತೇನೆ ಎಂದೆ. ಅರ್ಧ ಗಂಟೆಯೊಳಗೆ ರುಜು ಹಾಕಿ ಮುಗಿಯಿತು. ಮರುದಿನ ಬೆಳಿಗ್ಗೆಯೇ ಹೆಂಡತಿಯ ಕೈಯಿಂದ ಫೋನಿನಲ್ಲಿ ಹಣ ಹಾಕಿಸಿದೆ. ವಾರ ಯಾವುದೆಂದು ನೋಡಲಿಲ್ಲ. ಬಂತು ಸರ್, ಎಂದು ಉತ್ತರ ಬಂತು. ಸರ್. ಹದಿನೆಂಟು ಸಾವಿರ ಕೊಟ್ಟದ್ದಕ್ಕಿಂತ ಆ ಎರಡಕ್ಷರ ಹೆಚ್ಚು ನಷ್ಟವೆನಿಸಿತು. ನಷ್ಟವೋ, ಸಿಗಬೇಕಾದ್ದು ಸಿಕ್ಕಿತೋ, ಅದೂ ತಿಳಿಯಲಿಲ್ಲ.

ಮೊನ್ನೆ ಮಧ್ಯಾಹ್ನ ಶ್ರಾವ್ಯ ಹೋಟೆಲಿಗೆ ಬಂದಳು. ಹತ್ತಿರದ ಆಸ್ಪತ್ರೆಯಲ್ಲಿ ಏನೋ ಫೋಟೋ ಕೆಲಸವಂತೆ, ಹೆಗಲಿಗೆ ಕ್ಯಾಮೆರಾ ಚೀಲ. ಬೆಂಚಿನಲ್ಲಿ ಕುಳಿತು ಊಟ ಹೇಳಿ, ಉಂಡು, ಕೈ ತೊಳೆದು ಬಂದು ಎಷ್ಟಾಯಿತು ಎಂದು ಕೇಳಿದಳು. ಬೇಡ ಮಗಾ ಎನ್ನಲು ನನ್ನ ಕೈ ತಾನಾಗಿಯೇ ಎದ್ದಿತು. ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ಕೆಳಗಿಳಿಸಿ, ಬಿಲ್ಲು ಹೇಳಿ, ನೋಟು ತೆಗೆದುಕೊಂಡು, ಚಿಲ್ಲರೆ ಎಣಿಸಿ ಕೊಟ್ಟೆ. ಸ್ನೇಹಿತನ ಮಗಳಿಂದ ಊಟಕ್ಕೆ ಹಣ ತೆಗೆದುಕೊಂಡ ಮೊದಲ ದಿನ. ಅಜ್ಜ ನೋಡಿದ್ದರೆ ಏನೆನ್ನುತ್ತಿದ್ದರೋ.

ಅವಳು ಚಿಲ್ಲರೆ ಚೀಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದಳು.

"ಮಾಮ, ನಿಮ್ಮ ಸಾರಿಗೆ ಹುಳಿ ಜಾಸ್ತಿ. ಮೊದಲಿನಿಂದಲೂ ಜಾಸ್ತಿ."

ಅಷ್ಟು ದಿನ ಉಂಡವಳು ಮೊದಲೇ ಹೇಳಬಾರದಿತ್ತೇ ಎಂದು ಕೇಳಲು ಹೊರಟೆ. ಪುಕ್ಕಟೆ ಉಂಡವರು ಹೇಗೆ ಹೇಳುತ್ತಾರೆ ಎಂಬುದು ಅಷ್ಟರಲ್ಲಿ ತಾನಾಗಿಯೇ ಹೊಳೆಯಿತು. ಅವಳು ಹೋದ ಮೇಲೆ ಒಳಗೆ ಹೋಗಿ ಸಾರಿನ ರುಚಿ ನೋಡಿದೆ. ನನಗೆ ಸರಿಯಾಗಿಯೇ ಇದೆ ಅನಿಸಿತು. ಆದರೂ ಮರುದಿನದಿಂದ ಹುಣಸೆಹುಳಿ ಸ್ವಲ್ಪ ಕಡಿಮೆ ಹಾಕಿಸುತ್ತಿದ್ದೇನೆ.