ಇಸ್ತ್ರಿ ಮೇಜಿನ ಶಾಲೆ

ಎಂಟನೇ ಕ್ಲಾಸಿನಲ್ಲಿದ್ದ ಮಗಳನ್ನು ಇಸ್ತ್ರಿಯಕ್ಕ ಶಾಲೆ ಬಿಡಿಸಿದ್ದಕ್ಕೆ ಕಾರಣ ಪೊರಕೆ. ಮೇಷ್ಟ್ರುಗಳ ಕೋಣೆ ಗುಡಿಸುವ ಸರದಿ ಯಾವಾಗಲೂ ಇವಳ ಮಗಳಿಗೇ ಬರುತ್ತಿತ್ತು, ಅದೇ ಕ್ಲಾಸಿನ ಡಾಕ್ಟರ ಮಗಳಿಗೆ ಒಮ್ಮೆಯೂ ಬರಲಿಲ್ಲ. ಕೇಳಲು ಹೋದರೆ ಹೆಡ್ಮಾಸ್ಟರು, "ಇದೂ ಶಿಕ್ಷಣಾನೇ ಕಣಮ್ಮ" ಎಂದರು.

"ಮನೇಲೂ ಬೇಕಾದಷ್ಟು ಕಸ ಇದೆ ಸಾರ್, ಅಲ್ಲೇ ಕಲೀತಾಳೆ ಬಿಡಿ" ಎಂದು ಟಿ.ಸಿ. ಬರೆಸಿಕೊಂಡು ಬಂದಳು.

ಹತ್ತನೆಯ ಪರೀಕ್ಷೆಯನ್ನು ಹೊರಗಿನಿಂದ ಕಟ್ಟಬಹುದೆಂದು ಗಿರಾಕಿಯೊಬ್ಬರು ಹೇಳಿದ್ದರು. ಇಸ್ತ್ರಿಯಕ್ಕ ಓದಿದ್ದು ಐದರವರೆಗೆ. ಬಟ್ಟೆಯ ಮೇಲಿಂದ ಕಣ್ಣು ತೆಗೆದರೆ ಅಂಗಿ ಸುಡುತ್ತದೆ, ಪುಸ್ತಕ ನೋಡುವ ಹಾಗಿಲ್ಲ. ಹೀಗಾಗಿ ಪಾಠವೆಲ್ಲ ಕಿವಿಯಲ್ಲೇ. ಮಗಳು ಅಂಗಡಿಯ ಇಸ್ತ್ರಿ ಮೇಜಿನ ಆಚೆ ಕೂತು ಗಟ್ಟಿಯಾಗಿ ಓದಬೇಕು, ಅರ್ಥ ಹೇಳಬೇಕು, ಉತ್ತರ ಬರೆಯುವಾಗಲೂ ಬಾಯಲ್ಲಿ ಹೇಳಿಕೊಂಡೇ ಬರೆಯಬೇಕು. ಅಮ್ಮನ ತಲೆಗೆ ಹತ್ತುವವರೆಗೆ ಹಾಳೆ ತಿರುಗಿಸುವಂತಿಲ್ಲ.

"ಇನ್ನೊಂದ್ಸಲ ಹೇಳು, ಬೆಳಕು ಯಾಕೆ ಬಾಗುತ್ತೆ?"

"ಅಯ್ಯೋ ಅಮ್ಮಾ, ನಿಂಗೆ ಅರ್ಥ ಆಗೋದ್ರೊಳಗೆ ನನ್ನ ಬೆನ್ನೇ ಬಾಗುತ್ತೆ."

"ಬಾಗ್ಲಿ. ಹೇಳು."

ನಾದಿನಿ ಬಂದಾಗೆಲ್ಲ ಕುಟುಕುತ್ತಿದ್ದಳು. "ಕುರುಡಿ ಹತ್ರ ದಾರಿ ಕೇಳಿದ ಹಾಗಾಯ್ತಲ್ಲ ಅತ್ತಿಗೆ! ಹುಡುಗಿ ನರ್ಸ್ ಆಗ್ತೀನಿ ಅಂತಾಳೆ. ಫೇಲಾದ್ರೆ ನಿನ್ನ ಪಕ್ಕ ಇನ್ನೊಂದು ಇಸ್ತ್ರಿಪೆಟ್ಟಿಗೆ, ಅಷ್ಟೇ."

ಇಸ್ತ್ರಿಯಕ್ಕ ಇನ್ನೊಂದು ಅಂಗಿ ಹರವಿಕೊಂಡಳು. ಆ ಭಯ ಅವಳಿಗೂ ಇತ್ತು.

ಮೂರು ವರ್ಷಕ್ಕೆ ಪರೀಕ್ಷೆ ಬಂತು, ಮೊದಲ ಪೇಪರು ವಿಜ್ಞಾನ. ಪೆನ್ನು ಹಿಡಿದದ್ದೇ ತಡ, ಹುಡುಗಿಯ ಬಾಯಿಯೂ ಶುರುವಾಯಿತು. ಮೇಲ್ವಿಚಾರಕಿ ಧಾವಿಸಿದರು.

"ಯಾರಿಗೇ ಹೇಳ್ಕೊಡ್ತಿದ್ದೀಯಾ?"

"ನಂಗೇ, ಮೇಡಂ."

ಬಾಯಿ ಮುಚ್ಚಿದಳು, ಕೈಯೂ ನಿಂತಿತು. ಬಾಯಿ ಆಡದೆ ಬರೆದು ಗೊತ್ತೇ ಇರಲಿಲ್ಲ. ಕೂತು ಕೂತು ಮತ್ತೆ ಪಿಸುಗುಟ್ಟಿದಳು. ಇನ್ನೊಮ್ಮೆ ಸದ್ದು ಬಂದರೆ ಪರೀಕ್ಷೆಯಿಂದಲೇ ಡಿಬಾರ್ ಎಂದರು ಮೇಲ್ವಿಚಾರಕಿ.

"ಎಲ್ಲಾದ್ರೂ ಮೂಲೇಲಿ ಹಾಕಿ ಮೇಡಂ, ಡಿಬಾರ್ ಮಾತ್ರ ಬೇಡ."

ಕೇಂದ್ರದ ಮುಖ್ಯಸ್ಥರು ಗೊಣಗುತ್ತಲೇ ಅವಳನ್ನು ಮುರಿದ ಬೆಂಚುಗಳ ಉಗ್ರಾಣದಲ್ಲಿ ಕೂರಿಸಿ, ಬಾಗಿಲಿಗೆ ಒಬ್ಬರನ್ನು ಕಾವಲಿಟ್ಟರು. ಉಗ್ರಾಣದ ಕಿಟಕಿ ಇದ್ದದ್ದು ಹಿಂದಿನ ಓಣಿಗೆ. ಮಗಳನ್ನು ಪರೀಕ್ಷೆಗೆ ಬಿಟ್ಟು, ನೆರಳು ಹುಡುಕಿಕೊಂಡು ಬಂದ ಇಸ್ತ್ರಿಯಕ್ಕ ಅದೇ ಓಣಿಯಲ್ಲಿ ಕೂತಿದ್ದಳು.

ಮಗಳ ದನಿ ಕೇಳಿ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು, ಅಂಗಡಿಯಲ್ಲಿ ಪಾಠಕ್ಕೆ ಕಿವಿಗೊಡುವ ಹಾಗೇ ಕಿವಿಗೊಟ್ಟಳು. ಬೆಳಕು ಸರಿಯಾಗಿ ಬಾಗಿತು. ಆಮ್ಲ, ಲವಣ ಎಲ್ಲ ಸರಿ. ಆಮೇಲೆ ಹೃದಯ ಬಂತು.

"ಹೃದಯದ ಬಲಭಾಗದ ಗೋಡೆ ಹೆಚ್ಚು ದಪ್ಪ, ಯಾಕಂದ್ರೆ..."

ಎಡಭಾಗದ್ದು! ಇಡೀ ಮೈಗೆ ರಕ್ತ ತಳ್ಳುವುದು ಎಡಭಾಗ. ಮಾತು ಇಸ್ತ್ರಿಯಕ್ಕನ ನಾಲಿಗೆಯ ತುದಿಗೆ ಬಂತು. ಮೂರು ವರ್ಷ ಇಂಥ ಕಡೆಯೆಲ್ಲ "ನಿಲ್ಲು" ಎಂದು ಗದರಿದ ಬಾಯಿ ಅದು. ಈಗ ಒಂದೇ ಒಂದು ಶಬ್ದ ಆಚೆ ಬಂದರೂ ನಕಲು ಎಂದು ಮಗಳನ್ನು ಎಬ್ಬಿಸಿ ಕಳಿಸುತ್ತಾರೆ. ಅಲ್ಲಿ ನಿಂತರೆ ತನ್ನ ಬಾಯಿ ತನ್ನ ಮಾತು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಬಿರಬಿರನೆ ನಡೆದು ಮುಖ್ಯರಸ್ತೆ ಸೇರಿ, ಬಸ್ಸುಗಳ ಹಾರನ್ನಿನ ನಡುವೆ ನಿಂತಳು.

ಮಗಳು ಹೊರಗೆ ಬಂದದ್ದೇ ಇವಳು ರಟ್ಟೆ ಹಿಡಿದಳು.

"ಎಡ ಕಣೇ, ಎಡ!"

"ಏನು ಎಡ?... ಅಯ್ಯೋ, ಹೌದಲ್ಲಾ!"

ಆ ಪ್ರಶ್ನೆಯ ಅಂಕಗಳು ಹೋದವು. ಹುಡುಗಿ ಉಳಿದ ಪೇಪರುಗಳನ್ನೂ ಉಗ್ರಾಣದಲ್ಲೇ ಬರೆದು ಪಾಸಾದಳು, ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದಳು. ಆ ಪೇಪರುಗಳ ದಿನ ಇಸ್ತ್ರಿಯಕ್ಕ ಓಣಿಯ ಕಡೆ ತಲೆ ಹಾಕಲಿಲ್ಲ, ಅಂಗಡಿ ತೆರೆದು ಕೂತಳು.